ಫ್ಲೆಮಿಂಗ್ ಮಾತು ಆಸ್ಪತ್ರೆಗೆ ಏಕೆ ಕೇಳಿಸಲಿಲ್ಲ?

ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರು ಹೇಳಿದೊಡನೆ ನಮ್ಮಲ್ಲಿ ಎರಡು ಕತೆಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮೊದಲನೆಯದು ಚರ್ಚಿಲ್ ಕತೆ. ಕೆಸರಿನಲ್ಲಿ ಹೂತುಹೋಗುತ್ತಿದ್ದ ಬಾಲಕ ಚರ್ಚಿಲ್‌ನನ್ನು ಫ್ಲೆಮಿಂಗ್ ಅವರ ರೈತ ತಂದೆ ಮೇಲೆತ್ತಿ ಬದುಕಿಸಿದರಂತೆ. ಅದಕ್ಕೆ ಪ್ರತಿಯಾಗಿ ಚರ್ಚಿಲ್‌ನ ಶ್ರೀಮಂತ ತಂದೆ ಆ ರೈತನ ಮಗನನ್ನು ಓದಿಸಿದರಂತೆ. ಮುಂದೆ ಅದೇ ಮಗ ಕಂಡುಹಿಡಿದ ಪೆನಿಸಿಲಿನ್ ಚರ್ಚಿಲ್ ಅವರ ನ್ಯುಮೋನಿಯಾವನ್ನು ವಾಸಿಮಾಡಿತಂತೆ. ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಇದನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ಇದರಲ್ಲಿ ಎಳ್ಳಷ್ಟೂ ನಿಜವಿಲ್ಲ. ಫ್ಲೆಮಿಂಗ್ ಓದಿದ್ದು ಅಣ್ಣನ ಆಸರೆಯಲ್ಲಿ ಮತ್ತು ಬಂಧುವೊಬ್ಬರು ಬಿಟ್ಟುಹೋದ ಹಣದಲ್ಲಿ. 1943ರಲ್ಲಿ ಚರ್ಚಿಲ್ ಅವರ ನ್ಯುಮೋನಿಯಾಕ್ಕೆ ವೈದ್ಯರು ಕೊಟ್ಟದ್ದು ಸಲ್ಫಾ ಗುಂಪಿನ ಔಷಧವನ್ನು.

ಎರಡನೆಯದು ಬೂಷ್ಟಿನ ಕತೆ. ರಜೆ ಮುಗಿಸಿ ಬಂದ ವಿಜ್ಞಾನಿ, ಮೇಜಿನ ಮೇಲೆ ಉಳಿದುಹೋಗಿದ್ದ ಗಾಜಿನ ತಟ್ಟೆ, ಎಲ್ಲಿಂದಲೋ ಹಾರಿಬಂದ ಬೀಜಕಣ, ಅಲ್ಲಿಂದ ಮುಂದೆ ಮನುಕುಲಕ್ಕೆ ಮಹೋಪಕಾರ. ಇದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ದಶಕಗಳ ಕಾಲ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿಸಿ, ಅದರಲ್ಲಿ ಕೆಲವು ವರ್ಷ ಬೋಧನಾ ಆಸ್ಪತ್ರೆಯೊಂದರ ಆಂಟಿಬಯಾಟಿಕ್ ಸಮಿತಿಯಲ್ಲಿಯೂ ಕುಳಿತಿದ್ದ ನನ್ನನ್ನು ಫ್ಲೆಮಿಂಗ್ ಅವರ ಬದುಕಿನಲ್ಲಿ ಕಾಡುವುದು ಬೇರೆಯೇ ಸಂಗತಿ. ವೈದ್ಯರು ತಮ್ಮ ರೂಢಿಯನ್ನು ಬದಲಿಸಿಕೊಳ್ಳಬೇಕೆಂದು ಅವರು ಒಂದಕ್ಕಿಂತ ಹೆಚ್ಚು ಬಾರಿ ಸಾಕ್ಷ್ಯಸಮೇತ ಹೇಳಿದರು. ಹೆಚ್ಚಿನ ವೈದ್ಯರು ಕೇಳಲಿಲ್ಲ. ಏಕೆ ಕೇಳಲಿಲ್ಲ ಎಂಬುದು ಇಂದು ನಮ್ಮ ಆಸ್ಪತ್ರೆಗಳ ಮುಂದಿರುವ ಪ್ರಶ್ನೆಯೂ ಹೌದು.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡಾರ್ವೆಲ್ ಎಂಬ ಊರಿನ ಬಳಿಯ ಲಾಕ್‌ಫೀಲ್ಡ್ ಎಂಬ ಕುರಿ ಸಾಕುವ ಹೊಲಮನೆಯಲ್ಲಿ. ತಂದೆಯ ಎರಡನೆಯ ಮದುವೆಯ ಮಕ್ಕಳಲ್ಲಿ ಮೂರನೆಯವನು. ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ. ಮೈಲುಗಟ್ಟಲೆ ನಡೆದು ಶಾಲೆಗೆ ಹೋಗುವ ಹುಡುಗರಿಗೆ ಹಕ್ಕಿಯ ಗೂಡು, ಹಳ್ಳದ ಮೀನು, ಮೊಲದ ಹೆಜ್ಜೆ ಇವೆಲ್ಲ ಪಾಠವಾಗುವುದುಂಟು. ಈ ಹುಡುಗನಿಗೂ ಹಾಗೆಯೇ ಆಯಿತು. ಹದಿಹರೆಯದಲ್ಲಿ ಲಂಡನ್ನಿಗೆ ಬಂದು, ವೈದ್ಯನಾಗಿದ್ದ ಅಣ್ಣನ ಮನೆಯಲ್ಲಿ ಉಳಿದು, ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತಗಿರಿ ಮಾಡಿದ. 1901ರಲ್ಲಿ ಚಿಕ್ಕಪ್ಪನಿಂದ 250 ಪೌಂಡ್ ಬಂತು. ಆ ಹಣವೇ ಅವನನ್ನು ಪ್ಯಾಡಿಂಗ್ಟನ್‌ನ ಸೇಂಟ್ ಮೇರಿಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿಸಿತು. ಆ ಶಾಲೆಯನ್ನೇ ಆರಿಸಿಕೊಳ್ಳಲು ಕಾರಣ ಅದರ ತಂಡದ ಎದುರು ಒಮ್ಮೆ ವಾಟರ್ ಪೋಲೊ ಆಡಿದ್ದು! ಮುಂದೆ ಅಲ್ಲಿಯೇ ಉಳಿಯಲು ಕಾರಣವಾದದ್ದೂ ಆಟವೇ. ಗುರಿಕಾರನಾಗಿದ್ದ ಫ್ಲೆಮಿಂಗ್ ಬೇರೆಡೆಗೆ ಹೋದರೆ ಆಸ್ಪತ್ರೆಯ ಬಂದೂಕು ತಂಡ ಸೊರಗೀತೆಂದು ಗೆಳೆಯರೊಬ್ಬರು 1906ರಲ್ಲಿ ಅವರಿಗೆ ಅಲ್ಲಿಯ ಲಸಿಕಾ ವಿಭಾಗದಲ್ಲಿ ಜಾಗ ಕೊಡಿಸಿದರು. ಜೀವಮಾನವೆಲ್ಲ ಅವರು ಆ ಆಸ್ಪತ್ರೆಯನ್ನು ಬಿಡಲಿಲ್ಲ.

ಆ ವಿಭಾಗದ ಮುಖ್ಯಸ್ಥರು ಸರ್ ಆಲ್ಮ್‌ರೋತ್ ರೈಟ್. ಟೈಫಾಯ್ಡ್ ಲಸಿಕೆಯನ್ನು ರೂಪಿಸಿದವರು, 1898ರಲ್ಲಿ ಭಾರತಕ್ಕೆ ಬಂದ ಪ್ಲೇಗ್ ಆಯೋಗದ ಸದಸ್ಯರು, ಬರ್ನಾರ್ಡ್ ಷಾ ಅವರ ವೈದ್ಯನಾಟಕವೊಂದರ ನಾಯಕನಿಗೆ ಮಾದರಿಯಾದವರು. ಅಪಾರ ಪಾಂಡಿತ್ಯ, ಅಷ್ಟೇ ದೊಡ್ಡ ಗಂಟಲು. ರಾತ್ರಿಯ ಚಹಾದ ಹೊತ್ತಿನಲ್ಲಿ ಅವರು ಮಾತನಾಡುತ್ತಿದ್ದರೆ ಶಿಷ್ಯರು ಕೇಳುತ್ತಿದ್ದರು. ದೇಹದ ಸ್ವಂತ ರಕ್ಷಣಾಶಕ್ತಿಯನ್ನು ಲಸಿಕೆಯಿಂದ ಎಚ್ಚರಿಸುವುದೇ ಸೋಂಕಿಗೆ ಮದ್ದು, ರಕ್ತದೊಳಗಿನ ಬ್ಯಾಕ್ಟೀರಿಯಾವನ್ನು ರಾಸಾಯನಿಕದಿಂದ ಕೊಲ್ಲುವುದು ಆಗದ ಮಾತು ಎಂಬುದು ಅವರ ಸಿದ್ಧಾಂತ. ಕುಳ್ಳಗಿನ, ಮಿತಭಾಷಿಯಾದ ಫ್ಲೆಮಿಂಗ್ ಈ ಗುರುವಿನ ನೆರಳಿನಲ್ಲಿ ನಾಲ್ಕು ದಶಕ ದುಡಿದರು. ಬಹಿರಂಗವಾಗಿ ಎಂದೂ ಎದುರಾಡಲಿಲ್ಲ. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

1914ರಲ್ಲಿ ಯುದ್ಧ ಬಂತು. ರೈಟ್ ಮತ್ತು ಅವರ ತಂಡ ಫ್ರಾನ್ಸಿನ ಬೊಲೋನ್ ಪಟ್ಟಣಕ್ಕೆ ಹೋಗಿ, ಅಲ್ಲಿಯ ಜೂಜುಕಟ್ಟೆಯ ಮೇಲಂತಸ್ತಿನಲ್ಲಿ ಪ್ರಯೋಗಶಾಲೆಯನ್ನು ತೆರೆಯಿತು. ಕೆಳಗೆ ಗಾಯಾಳುಗಳ ಸಾಲು. ಗುಂಡಿಗಿಂತ ಹೆಚ್ಚಾಗಿ ಸೈನಿಕರನ್ನು ಕಾಡುತ್ತಿದ್ದದ್ದು ಆಮೇಲೆ ಏರುವ ನಂಜು, ಧನುರ್ವಾಯು, ಗ್ಯಾಸ್ ಗ್ಯಾಂಗ್ರೀನ್. ಗೊಬ್ಬರ ಹಾಕಿದ ಹೊಲದ ಮಣ್ಣು, ಸಮವಸ್ತ್ರದ ಚಿಂದಿ ಎಲ್ಲವೂ ಚೂರುಗುಂಡಿನೊಂದಿಗೆ ಮಾಂಸದ ಆಳಕ್ಕೆ ಇಳಿಯುತ್ತಿದ್ದವು. ಜೋಸೆಫ್ ಲಿಸ್ಟರ್ ಪರಂಪರೆಯಲ್ಲಿ ಬೆಳೆದ ಶಸ್ತ್ರವೈದ್ಯರು ಆ ಗಾಯಗಳಿಗೆ ಕಾರ್ಬಾಲಿಕ್ ಆಮ್ಲವೇ ಮೊದಲಾದ ನಂಜುನಿರೋಧಕಗಳನ್ನು ಧಾರಾಳವಾಗಿ ಸುರಿಯುತ್ತಿದ್ದರು. ಅದು ಆ ಕಾಲದ ಸರ್ವಸಮ್ಮತ ಚಿಕಿತ್ಸೆ.

ಫ್ಲೆಮಿಂಗ್ ಒಂದು ಸರಳ ಕೆಲಸ ಮಾಡಿದರು. ಗಾಜಿನ ನಳಿಗೆಯನ್ನು ಕಾಯಿಸಿ, ಅದರ ಮೈಯಿಂದ ಮುಳ್ಳಿನಂತೆ ಟೊಳ್ಳು ಚಾಚುಗಳನ್ನು ಎಳೆದು, ಸಿಡಿಗುಂಡು ಮಾಡಿದ ಗಾಯದ ಸಂದುಗೊಂದುಗಳ ಮಾದರಿಯನ್ನು ಕಟ್ಟಿದರು. ರೋಗಾಣು ಬೆರೆಸಿದ ದ್ರವವನ್ನು ತುಂಬಿಸಿ ಚೆಲ್ಲಿದರು, ನಂಜುನಿರೋಧಕವನ್ನು ತುಂಬಿಸಿ ಚೆಲ್ಲಿದರು, ಬಳಿಕ ಹೊಸ ದ್ರವವನ್ನು ತುಂಬಿಸಿಟ್ಟರು. ಮರುದಿನ ನೋಡಿದರೆ ರೋಗಾಣುಗಳು ಮೊದಲಿನಂತೆಯೇ ತುಂಬಿದ್ದವು. ಮದ್ದು ಆ ಸಂದುಗಳಿಗೆ ಇಳಿದೇ ಇರಲಿಲ್ಲ. ಇನ್ನೊಂದು ಪ್ರಯೋಗ ಇದಕ್ಕಿಂತ ಗಂಭೀರವಾದದ್ದು. ಆ ರಾಸಾಯನಿಕಗಳು ರೋಗಾಣುಗಳಿಗಿಂತ ಮೊದಲು ರೋಗಿಯ ಬಿಳಿರಕ್ತಕಣಗಳನ್ನು ಕೊಲ್ಲುತ್ತಿದ್ದವು. ಅಂದರೆ ಚಿಕಿತ್ಸೆಯೇ ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆಯುತ್ತಿತ್ತು. ಸತ್ತ ಮಾಂಸವನ್ನು ಕತ್ತರಿಸಿ ತೆಗೆಯಿರಿ, ಗಾಯವನ್ನು ಉಪ್ಪುನೀರಿನಿಂದ ತೊಳೆಯಿರಿ, ಉಳಿದದ್ದನ್ನು ದೇಹಕ್ಕೆ ಬಿಡಿ ಎಂಬುದು ರೈಟ್ ಮತ್ತು ಫ್ಲೆಮಿಂಗ್ ಅವರ ಸಲಹೆಯಾಗಿತ್ತು.

ಸೇನಾ ವೈದ್ಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಲಿಸ್ಟರ್ ಅವರ ಶಿಷ್ಯರಾಗಿದ್ದ ಹಿರಿಯ ಶಸ್ತ್ರವೈದ್ಯ ಸರ್ ವಿಲಿಯಂ ವಾಟ್ಸನ್ ಚೇನ್ ಬಹಿರಂಗವಾಗಿಯೇ ವಿರೋಧಿಸಿದರು. ರೈಟ್ ಅವರ ಉತ್ತರವೋ ಬೆಂಕಿಗೆ ತುಪ್ಪ. ವಾದ ಗಾಯದಿಂದ ಸರಿದು ಮರ್ಯಾದೆಯ ಕಡೆಗೆ ಹೊರಳಿತು.  ಹೆಚ್ಚಿನವರು ತಮ್ಮ ಶೀಸೆಯನ್ನು ಕೆಳಗಿಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಆಸ್ಪತ್ರೆಯ ನೀತಿ ಎಂಬುದು ಹೇಗೆ ಸೋಲುತ್ತದೆ ಎನ್ನುವುದಕ್ಕೆ ಬೊಲೋನ್‌ಗಿಂತ ಒಳ್ಳೆಯ ಪಾಠ ಸಿಗಲಾರದು. ಅಲ್ಲಿ ಅಜ್ಞಾನಿಗಳು ಯಾರೂ ಇರಲಿಲ್ಲ. ಸಾಯುತ್ತಿರುವ ತರುಣನ ಮುಂದೆ ನಿಂತ ವೈದ್ಯನಿಗೆ ಏನನ್ನಾದರೂ ಸುರಿಯುವುದು ಸುಮ್ಮನಿರುವುದಕ್ಕಿಂತ ಲೇಸೆನಿಸುತ್ತದೆ. ಆ ಒತ್ತಡವನ್ನು ಮುದ್ರಿತ ಆದೇಶವೊಂದು ಮಣಿಸಲಾರದು.

ಯುದ್ಧದ ನಡುವೆ, 1915ರಲ್ಲಿ, ದಾದಿಯಾಗಿದ್ದ ಸಾರಾ ಅವರನ್ನು ಫ್ಲೆಮಿಂಗ್ ಮದುವೆಯಾದರು. ಲಂಡನ್ನಿಗೆ ಮರಳಿದ ಮೇಲೆ 1921ರಲ್ಲಿ ತಮ್ಮದೇ ನೆಗಡಿಯ ಸಿಂಬಳದಿಂದ ಲೈಸೋಜೈಮ್ ಎಂಬ ಕಿಣ್ವವನ್ನು ಕಂಡುಹಿಡಿದರು. ಕಣ್ಣೀರು, ಜೊಲ್ಲು, ಮೊಟ್ಟೆಯ ಬಿಳಿ ಎಲ್ಲದರಲ್ಲೂ ಅದು ಇತ್ತು. ದುರದೃಷ್ಟವಶಾತ್ ಅದು ಕೊಲ್ಲುತ್ತಿದ್ದದ್ದು ನಿರುಪದ್ರವಿ ರೋಗಾಣುಗಳನ್ನೇ.

1928ರ ಸೆಪ್ಟೆಂಬರಿನ ಸಂಗತಿ ಎಲ್ಲರಿಗೂ ತಿಳಿದದ್ದು. ಸ್ಟೆಫಿಲೊಕಾಕಸ್ ಬೆಳೆಸಿದ್ದ ತಟ್ಟೆಯಲ್ಲಿ ಬೂಷ್ಟು ಬಿದ್ದು, ಅದರ ಸುತ್ತ ರೋಗಾಣುಗಳು ಕರಗಿದ್ದವು. ಕಡಿಮೆ ಜನರಿಗೆ ತಿಳಿದಿರುವುದು ಆಮೇಲೆ ಅವರು ಮಾಡಿದ ಪರೀಕ್ಷೆ. ಬೊಲೋನ್‌ನಲ್ಲಿ ಕಾರ್ಬಾಲಿಕ್ ಆಮ್ಲಕ್ಕೆ ಒಡ್ಡಿದ್ದ ಅದೇ ಪ್ರಶ್ನೆಯನ್ನು ಅವರು ಈ ಬೂಷ್ಟಿನ ರಸಕ್ಕೂ ಒಡ್ಡಿದರು: ಬಿಳಿರಕ್ತಕಣಗಳಿಗೆ ಇದು ಏನು ಮಾಡುತ್ತದೆ? ಏನೂ ಮಾಡಲಿಲ್ಲ. ರೋಗಾಣುವನ್ನು ಕೊಂದು ರೋಗಿಯ ಕಣವನ್ನು ಉಳಿಸುವ ವಸ್ತು ಸಿಕ್ಕಿತ್ತು. ಅವರು ಅದಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟು, 1929ರ ಫೆಬ್ರವರಿಯಲ್ಲಿ ಲಂಡನ್ನಿನ ವೈದ್ಯ ಸಂಶೋಧಕರ ಕೂಟದಲ್ಲಿ ಪ್ರಬಂಧ ಓದಿದರು. ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದೇ ವರ್ಷದ ಲೇಖನದಲ್ಲಿ ಪೆನಿಸಿಲಿನ್ನಿನ ಮುಖ್ಯ ಉಪಯೋಗವೆಂದು ಕಾಣಿಸಿದ್ದು, ಪ್ರಯೋಗಶಾಲೆಯಲ್ಲಿ ಬೇಡದ ರೋಗಾಣುಗಳನ್ನು ಹತ್ತಿಕ್ಕಿ ಬೇಕಾದದ್ದನ್ನು ಬೇರ್ಪಡಿಸುವುದು.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಸೇಂಟ್ ಮೇರಿಸ್‌ನಲ್ಲಿ ಅಕ್ಷರಶಃ ನಿಜವಾಯಿತು. ರಸ ಬೇಗ ಕೆಡುತ್ತಿತ್ತು, ಶುದ್ಧೀಕರಿಸುವ ರಸಾಯನಶಾಸ್ತ್ರಜ್ಞರು ಅಲ್ಲಿರಲಿಲ್ಲ. ಅವು ನಿಜವಾದ ತೊಡಕುಗಳೇ. ಆದರೆ ಸೋಂಕು ತಗುಲಿಸಿದ ಒಂದು ಇಲಿಗೆ ಅದನ್ನು ಚುಚ್ಚಿ ನೋಡಲು ಯಾವ ತೊಡಕೂ ಇರಲಿಲ್ಲ. ಫ್ಲೆಮಿಂಗ್ ಅದನ್ನು ಮಾಡಲಿಲ್ಲ. ರಾಸಾಯನಿಕದಿಂದ ರಕ್ತದೊಳಗಿನ ಸೋಂಕು ವಾಸಿಯಾಗದು ಎಂದು ಗುರು ನಿರ್ಧರಿಸಿದ್ದ ವಿಭಾಗದಲ್ಲಿ ಶಿಷ್ಯನಿಗೆ ಆ ಇಲಿಯ ನೆನಪಾಗಲಿಲ್ಲವೆಂದು ನಾನು ಊಹಿಸುತ್ತೇನೆ. ಇದು ಊಹೆ ಮಾತ್ರ. ಆದರೂ ನಮ್ಮ ಆಸ್ಪತ್ರೆಗಳ ಕಿರಿಯ ವೈದ್ಯರನ್ನು ಬಲ್ಲವರಿಗೆ ಇದು ಅಸಹಜವೆಂದು ತೋರಲಾರದು.

ಆ ಇಲಿಯ ಪ್ರಯೋಗವಾದದ್ದು 1940ರ ಮೇ 25ರಂದು, ಆಕ್ಸ್‌ಫರ್ಡಿನಲ್ಲಿ. ಹೊವರ್ಡ್ ಫ್ಲೋರಿ, ಎರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಇವರ ತಂಡ ಎಂಟು ಇಲಿಗಳಿಗೆ ಮಾರಕ ಸೋಂಕು ತಗುಲಿಸಿ ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟಿತು. ಬೆಳಗಾಗುವ ಹೊತ್ತಿಗೆ ಆ ನಾಲ್ಕು ಮಾತ್ರ ಬದುಕಿದ್ದವು. ಅದೇ ವರ್ಷದ ಕೊನೆಯಲ್ಲಿ, ಮನುಷ್ಯರ ಮೇಲಿನ ಚಿಕಿತ್ಸೆ ಆರಂಭವಾಗುವ ಮೊದಲೇ, ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಕೆಲವು ಬ್ಯಾಕ್ಟೀರಿಯಾಗಳಲ್ಲಿದೆಯೆಂದು ಚೈನ್ ಮತ್ತು ಎಡ್ವರ್ಡ್ ಏಬ್ರಹಾಂ ವರದಿ ಮಾಡಿದರು. 1942ರ ಆಗಸ್ಟ್‌ನಲ್ಲಿ ಮಿದುಳುಪೊರೆಯ ಸೋಂಕಿನಿಂದ ಸಾಯುತ್ತಿದ್ದ ಪರಿಚಿತರೊಬ್ಬರಿಗಾಗಿ ಫ್ಲೆಮಿಂಗ್ ಸ್ವತಃ ಫ್ಲೋರಿ ಅವರಿಂದ ಔಷಧ ತರಿಸಿ, ಬೆನ್ನುಹುರಿಯ ದ್ರವಕ್ಕೇ ಚುಚ್ಚಿ ಬದುಕಿಸಿದರು. ಪತ್ರಿಕೆಗಳಿಗೆ ಸುದ್ದಿ ಸಿಕ್ಕಿತು. ರೈಟ್ ಅವರು ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಕೀರ್ತಿ ತಮ್ಮ ಶಿಷ್ಯನದೆಂದು ಸಾರಿದರು. ಫ್ಲೋರಿ ವರದಿಗಾರರನ್ನು ಬಾಗಿಲಿನಿಂದಾಚೆಗೇ ನಿಲ್ಲಿಸಿದ್ದರಿಂದ ಉಳಿದದ್ದು ಒಂದೇ ಮುಖ. ಈ ಅನ್ಯಾಯವನ್ನು ಆಕ್ಸ್‌ಫರ್ಡಿನವರು ಸುಲಭವಾಗಿ ಮರೆಯಲಿಲ್ಲ. 1944ರಲ್ಲಿ ಫ್ಲೆಮಿಂಗ್ ಮತ್ತು ಫ್ಲೋರಿ ಇಬ್ಬರಿಗೂ ಸರ್ ಪದವಿ ಬಂತು, ಮರುವರ್ಷ ಚೈನ್ ಅವರನ್ನೂ ಕೂಡಿಸಿ ಮೂವರಿಗೆ ನೊಬೆಲ್.

1945ರ ಡಿಸೆಂಬರ್ 11ರಂದು ಸ್ಟಾಕ್‌ಹೋಮ್‌ನಲ್ಲಿ ಮಾಡಿದ ಭಾಷಣದ ಕೊನೆಯಲ್ಲಿ ಅವರು ಒಬ್ಬ ಕಾಲ್ಪನಿಕ ಗೃಹಸ್ಥನ ಕತೆ ಹೇಳಿದರು. ಅವನಿಗೆ ಗಂಟಲು ನೋವು; ಅಂಗಡಿಯಿಂದ ಪೆನಿಸಿಲಿನ್ ತಂದು, ರೋಗಾಣುಗಳನ್ನು ಕೊಲ್ಲಲು ಸಾಲದಷ್ಟು, ಆದರೆ ಅವಕ್ಕೆ ಎದುರಿಸುವುದನ್ನು ಕಲಿಸಲು ಸಾಲುವಷ್ಟು ಸೇವಿಸುತ್ತಾನೆ. ಕಲಿತ ರೋಗಾಣು ಹೆಂಡತಿಗೆ ಅಂಟುತ್ತದೆ, ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೆಲಸ ಮಾಡುವುದಿಲ್ಲ, ಆಕೆ ಸಾಯುತ್ತಾಳೆ. ಕೊಂದವನು ಗಂಡನೇ ಎಂಬುದು ಕತೆಯ ತಾತ್ಪರ್ಯ.

ಈ ಎಚ್ಚರಿಕೆಯನ್ನು ಇಂದು ದೇಶದೇಶದ ವೈದ್ಯ ಸಮ್ಮೇಳನಗಳಲ್ಲಿ ದಾರ್ಶನಿಕ ವಾಣಿಯೆಂದು ನೆನೆಯುತ್ತಾರೆ. ನನಗೆ ಅದರ ಬಗ್ಗೆ ಒಂದು ತಕರಾರಿದೆ. ಆ ಕತೆಯಲ್ಲಿ ವೈದ್ಯನೇ ಇಲ್ಲ, ಆಸ್ಪತ್ರೆಯೂ ಇಲ್ಲ. ಅಪರಾಧಿ ಅಂಗಡಿಗೆ ಹೋದ ಗೃಹಸ್ಥ. ಇಷ್ಟಕ್ಕೂ ಬ್ರಿಟನ್ನಿನಲ್ಲಿ 1947ರ ಕಾಯಿದೆ ಪೆನಿಸಿಲಿನ್ನನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು. ಅಪಾಯ ತಗ್ಗಬೇಕಿತ್ತಲ್ಲವೇ? ಲಂಡನ್ನಿನದೇ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ಸೂಕ್ಷ್ಮಜೀವಿಶಾಸ್ತ್ರಜ್ಞೆ ರೋಗಿಗಳಿಂದ ದೊರೆತ ಸ್ಟೆಫಿಲೊಕಾಕಸ್‌ಗಳನ್ನು ಎಣಿಸುತ್ತಿದ್ದರು. ಪೆನಿಸಿಲಿನ್‌ಗೆ ಬಗ್ಗದವು 1946ರಲ್ಲಿ ಸುಮಾರು ಶೇ. 14, 1947ರಲ್ಲಿ ಶೇ. 38, 1948ರಲ್ಲಿ ಶೇ. 59. ಇವು ಅರೆಬರೆ ಮಾತ್ರೆ ನುಂಗಿದ ಗೃಹಸ್ಥನಿಂದ ಹುಟ್ಟಿದವಲ್ಲ. ಔಷಧವನ್ನು ಒಡೆಯುವ ಕಿಣ್ವವುಳ್ಳ ತಳಿಗಳು ಮೊದಲೇ ಇದ್ದವು. ಪೆನಿಸಿಲಿನ್ ಹೊಳೆಯಾಗಿ ಹರಿಯುತ್ತಿದ್ದ ವಾರ್ಡುಗಳಲ್ಲಿ ಉಳಿದವು ಸತ್ತು ಇವು ಮಾತ್ರ ಉಳಿದವು. ವೈದ್ಯರ, ದಾದಿಯರ ಕೈಗಳ ಮೇಲೆ ಹಾಸಿಗೆಯಿಂದ ಹಾಸಿಗೆಗೆ ದಾಟಿದವು. ಚೀಟಿ ಇತ್ತು, ಪ್ರಮಾಣವೂ ಸರಿಯಿತ್ತು, ವೈದ್ಯರೂ ಇದ್ದರು.

ನಮ್ಮ ದೇಶದಲ್ಲಿಯೂ ಮಾತು ಬಹುಪಾಲು ಆ ಗೃಹಸ್ಥನ ಸುತ್ತಲೇ ಸುತ್ತುತ್ತಿದೆ. 2014ರಿಂದ ಎಚ್1 ಅನುಸೂಚಿ, 2016ರಿಂದ ಮಾತ್ರೆಪಟ್ಟಿಯ ಮೇಲಿನ ಕೆಂಪುಗೆರೆಯ ಪ್ರಚಾರ, ಎಲ್ಲವೂ ಔಷಧದಂಗಡಿಯತ್ತ ಬೆರಳು ತೋರಿದವು. ಅವು ಬೇಡವೆನ್ನುತ್ತಿಲ್ಲ. ಆದರೆ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021-22ರಲ್ಲಿ 20 ದೊಡ್ಡ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಒಳರೋಗಿಗಳಲ್ಲಿ ಸುಮಾರು ಶೇ. 72ರಷ್ಟು ಮಂದಿಗೆ ಆಂಟಿಬಯಾಟಿಕ್ ಬರೆಯಲಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 55, ಸೋಂಕನ್ನು ವಾಸಿಮಾಡಲಿಕ್ಕಲ್ಲ, ಬಾರದಿರಲೆಂದು. ಚಿಕಿತ್ಸೆಗೆಂದು ಕೊಟ್ಟಲ್ಲಿಯೂ ರೋಗಾಣು ಯಾವುದೆಂದು ಖಚಿತವಾದ ಮೇಲೆ ಬರೆದದ್ದು ಶೇ. 6ರಷ್ಟು ಮಾತ್ರ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಆಂಟಿಬಯಾಟಿಕ್ ಬರೆಯುವಾಗ ಕಾರಣವನ್ನೂ ಚೀಟಿಯಲ್ಲಿ ನಮೂದಿಸಬೇಕೆಂದು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆಯಿತು. ಬೊಲೋನ್ ನೆನಪಾಗದೆ ಇರಲಿಲ್ಲ.

ನಾನಿದ್ದ ಸಮಿತಿಯೂ ಒಂದು ಕೈಪಿಡಿಯನ್ನು ಅಚ್ಚುಹಾಕಿಸಿತ್ತು. ಒಳ್ಳೆಯ ಕೈಪಿಡಿಯೇ. ಪ್ರತಿ ವಿಭಾಗಕ್ಕೂ ಹಂಚಿದೆವು. ಪುಸ್ತಕದ ಬದನೆಕಾಯಿಯಾಗಿ ಉಳಿಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದರ ಪುಟಗಳು ಬಾಯಿಪಾಠ ಬರುತ್ತಿದ್ದವು, ಆದರೂ ಬೆಳಗಿನ ರೌಂಡ್ಸ್‌ನಲ್ಲಿ ಅವರ ಲೇಖನಿ ಬರೆಯುತ್ತಿದ್ದದ್ದು ಪ್ರೊಫೆಸರರ ಮೆಚ್ಚಿನ ಇಂಜೆಕ್ಷನ್ನನ್ನೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಕಿರಿಯರು ನೀತಿಯನ್ನಲ್ಲ, ಹಿರಿಯರನ್ನು ಅನುಸರಿಸುತ್ತಾರೆ, ಒಬ್ಬ ವೈದ್ಯ ಬರೆದ ಔಷಧವನ್ನು ಇನ್ನೊಬ್ಬ ವೈದ್ಯ ತಿದ್ದುವುದು ಶಿಷ್ಟಾಚಾರವಲ್ಲವೆಂಬ ಅಲಿಖಿತ ಕಟ್ಟಳೆ ಎಲ್ಲ ಲಿಖಿತ ಕಟ್ಟಳೆಗಳಿಗಿಂತ ಬಲವಾಗಿದೆ. ರೈಟ್ ಅವರ ಚಹಾಮೇಜು ಎಲ್ಲ ಆಸ್ಪತ್ರೆಗಳಲ್ಲೂ ಇದೆ.

ಫ್ಲೆಮಿಂಗ್ ಅವರ ಕೊನೆಯ ಹತ್ತು ವರ್ಷಗಳು ಸನ್ಮಾನಗಳಲ್ಲಿ ಕಳೆದವು. ದೇಶದೇಶ ಸುತ್ತಿದರು; ಬೂಷ್ಟನ್ನು ಗಾಜಿನ ನಡುವೆ ಕೂರಿಸಿದ ಪದಕಗಳನ್ನು ರಾಜರಾಣಿಯರಿಗೂ ಪೋಪ್ ಅವರಿಗೂ ಉಡುಗೊರೆ ಕೊಟ್ಟರು. 1949ರಲ್ಲಿ ಸಾರಾ ತೀರಿಕೊಂಡರು. 1953ರಲ್ಲಿ ತಮ್ಮ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ್ದ ಗ್ರೀಕ್ ವೈದ್ಯೆ ಅಮಾಲಿಯಾ ಅವರನ್ನು ವಿವಾಹವಾದರು. 1955ರ ಮಾರ್ಚ್ 11ರಂದು ಹೃದಯಾಘಾತದಿಂದ ನಿಧನ. ಚಿತಾಭಸ್ಮ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿದೆ.

ಅವರು ಹೇಳಿ ಬಿಟ್ಟದ್ದನ್ನು ಮಾಡಿ ತೋರಿಸಿದವರು ಮೇರಿ ಬಾರ್ಬರ್. ಐವತ್ತರ ದಶಕದ ಕೊನೆಯಲ್ಲಿ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅವರು ಮತ್ತು ಸಂಗಡಿಗರು ಪೆನಿಸಿಲಿನ್ ಬಳಕೆಗೆ ಕಡಿವಾಣ ಹಾಕಿದರು. ಉಳಿದ ಆಂಟಿಬಯಾಟಿಕ್‌ಗಳನ್ನು ಒಂಟಿಯಾಗಿ ಕೊಡದೆ ಜೋಡಿಯಾಗಿ ಕೊಡುವಂತೆ ನಿಯಮ ಮಾಡಿದರು. ಹಾಸಿಗೆಯಿಂದ ಹಾಸಿಗೆಗೆ ಸೋಂಕು ದಾಟದಂತೆ ನೋಡಿಕೊಂಡರು. ಔಷಧಕ್ಕೆ ಬಗ್ಗದ ತಳಿಗಳ ಪ್ರಮಾಣ ಇಳಿಯಿತು. 1960ರಲ್ಲಿ ಅದರ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅವರ ಬಲವಿದ್ದದ್ದು ಲೆಕ್ಕದಲ್ಲಿ. ಬೇರೆ ದೇಶದ್ದಲ್ಲ, ಬೇರೆ ಆಸ್ಪತ್ರೆಯದಲ್ಲ, ಅದೇ ವಾರ್ಡುಗಳ ರೋಗಾಣುಗಳ ಲೆಕ್ಕ.

ನಮ್ಮ ಸಮಿತಿ ಕಡೆಗೆ ಹಿಡಿದದ್ದೂ ಆ ದಾರಿಯನ್ನೇ. ಕೈಪಿಡಿಯನ್ನು ಬದಿಗಿಟ್ಟು, ಪ್ರತಿ ತಿಂಗಳೂ ಒಂದು ಹಾಳೆ: ಯಾವ ವಿಭಾಗ ಯಾವ ಔಷಧವನ್ನು ಎಷ್ಟು ದಿನ ಕೊಟ್ಟಿತು, ಅದೇ ವಿಭಾಗದ ರೋಗಾಣುಗಳು ಯಾವುದಕ್ಕೆ ಬಗ್ಗಲಿಲ್ಲ. ಅದರೊಂದಿಗೆ ಒಬ್ಬ ಸೂಕ್ಷ್ಮಜೀವಿಶಾಸ್ತ್ರಜ್ಞ, ಒಬ್ಬ ಫಾರ್ಮಸಿಸ್ಟ್ ಮೂರನೆಯ ದಿನ ಹಾಸಿಗೆಯ ಬಳಿಗೇ ಹೋಗಿ, ಕಲ್ಚರ್ ವರದಿ ಬಂದಿದೆ, ಈ ಇಂಜೆಕ್ಷನ್ ಇನ್ನೂ ಬೇಕೇ ಎಂದು ಕೇಳುವುದು. ತಿದ್ದುವುದಲ್ಲ, ಕೇಳುವುದು. ತೀವ್ರ ನಿಗಾ ಘಟಕದವರು ಮೊದಲು ಒಪ್ಪಿದರು. ಯಾವ ಔಷಧಕ್ಕೂ ಬಗ್ಗದ ಕ್ಲೆಬ್ಸಿಯೆಲ್ಲಾದ ವರದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಆರ್ ಎಂಬ ಒಂದೇ ಅಕ್ಷರವನ್ನು ನೋಡಿ, ರೋಗಿಯ ಮನೆಯವರಿಗೆ ಏನು ಹೇಳುವುದೆಂದು ತಿಳಿಯದೆ ನಿಂತವರು ಅವರೇ ತಾನೆ. ಮಕ್ಕಳ ವಿಭಾಗ ನಂತರ ಬಂತು. ಶಸ್ತ್ರಚಿಕಿತ್ಸೆಯ ಬಳಿಕ ಒಂದು ದಿನಕ್ಕೆ ನಿಲ್ಲಬೇಕಾದ ಆಂಟಿಬಯಾಟಿಕ್ ಐದು ದಿನ ಮುಂದುವರಿಯುವ ರೂಢಿ ಮಾತ್ರ ನಾನು ನಿವೃತ್ತನಾಗುವವರೆಗೂ ಎರಡು ಯೂನಿಟ್‌ಗಳಲ್ಲಿ ಹಾಗೆಯೇ ಇತ್ತು. ಮೂರನೆಯ ಯೂನಿಟ್ಟಿನ ಮುಖ್ಯಸ್ಥೆ ಒಂದು ಸೋಮವಾರ ತಮ್ಮ ವಿಭಾಗದ ಹಾಳೆಯನ್ನು ತಾವೇ ಕೇಳಿ ತರಿಸಿಕೊಂಡು, ರೌಂಡ್ಸ್‌ನಲ್ಲಿ ಕಿರಿಯರ ಎದುರಿಗೇ ತಮ್ಮದೇ ಹಳೆಯ ಆದೇಶಗಳನ್ನು ಹೊಡೆದುಹಾಕುತ್ತ ಹೋದರು.